ಕನ್ನಡಕ್ಕೆ ಬೀಗ ಹಾಕಿದ ದೊರೆ

ಗಡಿಕೋಟೆಯ ದೊರೆಗೆ ತಾನೇ ದುಭಾಷಿಯಾಗಿದ್ದೆ ಎಂದು ಓಬಳಜ್ಜ ಕುಲುಮೆಯ ಮುಂದೆ ಕೂತು ಹೇಳಿದರೆ, ಅಲ್ಲ ಎನ್ನಲು ಈಗ ಯಾರಿದ್ದಾರೆ? ದೊರೆ ಹೋದ, ಮಂತ್ರಿ ಹೋದ, ಕೋಟೆಯ ಕಲ್ಲುಗಳೂ ಯಾರ್ಯಾರದೋ ಮನೆಗೆ ಪಾಯವಾಗಿ ಹೋದವು.

ಒಂದು ದಿನ ತೆಲುಗು ಸೀಮೆಯ ರಾಯಭಾರಿಯ ಮುಂದೆ, ತೆಲುಗು ಆಡುತ್ತಾ ಆಡುತ್ತಾ ಓಬಳನ ಬಾಯಿಂದ ಕನ್ನಡ ಜಾರಿಬಿಟ್ಟಿತು. ದೊರೆ ಕೆಂಡವಾದ.

"ತೆಲುಗು ಆಡುವಾಗ ಕನ್ನಡಕ್ಕೆ ಬೀಗ ಹಾಕಿಕೋ! ಆಗದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ತಲೆಯೊಳಗಿನ ಮಾತಿಗೆ ಬೀಗ ಹಾಕೋಕಾಗುತ್ತಾ ಪ್ರಭೂ?"

"ಯಾಕಾಗೋಲ್ಲ? ನನಗೂ ಎರಡೂ ಬರುತ್ತೆ. ದೀಪ ಹಚ್ಚೋವರೆಗೆ ನನಗೆ ತೆಲುಗು ಮಾತ್ರ. ಕನ್ನಡ ಅನ್ನೋದು ಗೊತ್ತೇ ಇಲ್ಲ, ನೋಡ್ತಿರು!"

"ನೀವು ಗೆದ್ದರೆ ನಾನು ಊರೇ ಬಿಡ್ತೀನಿ," ಎಂದ ಓಬಳ.

ದೊರೆ ಗಟ್ಟಿಗ. ಓಬಳ ಕನ್ನಡದಲ್ಲಿ ಹೊಗಳಿದ, ಮೀಸೆ ಅಲುಗಲಿಲ್ಲ. "ಊಟಕ್ಕೆ ಏಳಿ" ಎಂದ, ಏಳಲಿಲ್ಲ. ಮಂತ್ರಿಯಂತೂ ಓಬಳನ ಜಾಗಕ್ಕೆ ತನ್ನ ಭಾವಮೈದುನನನ್ನು ಕರೆತರಲು ಆಗಲೇ ಆಳನ್ನು ಅಟ್ಟಿಬಿಟ್ಟ.

ಓಬಳ ದೊರೆಯ ಕಡೆ ತಿರುಗಿಯೂ ನೋಡಲಿಲ್ಲ. ಬೀಸಣಿಗೆ ಬೀಸುವವನ ಹತ್ತಿರ ಹೋಗಿ, ದೊರೆಗೂ ಕೇಳುವಷ್ಟು ಪಿಸುಗುಟ್ಟಿದ:

"ಲೋ ಮಾರ, ದೊರೆಗಳ ಪೇಟದ ಮೇಲೆ ಚೇಳು ಹತ್ತಿದೆ ಕಣೋ. ಏನು ಮಾಡೋದು, ಪಾಪ, ಅವರಿಗೆ ಕನ್ನಡ ಬರೋಲ್ಲ."

ಪೇಟ ಹಾರಿ ಮಂತ್ರಿಯ ಮಡಿಲಿಗೆ ಬಿತ್ತು. ದೊರೆ ಗಾದಿ ಬಿಟ್ಟು ಕಂಬ ತಬ್ಬಿ ನಿಂತಿದ್ದ.

"ಎಲ್ಲೋ ಚೇಳು?"

"ಚೇಳಿಲ್ಲ ಪ್ರಭೂ. ಬೀಗ ಹಾಕಿದ ಮನೆಯಿಂದ ಎದ್ದು ಓಡಿದ್ದು ಯಾರು ಅಂತ ನಾನೂ ನೋಡ್ತಿದ್ದೀನಿ."

ದೊರೆ ಕಂಬ ಬಿಟ್ಟು ಮೆಲ್ಲಗೆ ಗಾದಿಗೆ ಮರಳಿದ.

"ಎರಡು ಭಾಷೆ ಅಂದರೆ ಒಂದೇ ಮನೆಯ ಸವತಿಯರು," ಎಂದ ಓಬಳ. "ಒಬ್ಬಳು ಮಾತಾಡೋವಾಗ ಇನ್ನೊಬ್ಬಳು ಬಾಗಿಲ ಹಿಂದೆಯೇ ನಿಂತಿರ್ತಾಳೆ. ಅವಳ ಬಾಯಿ ಮುಚ್ಚಿ ಹಿಡಿಯೋದೇ ನನ್ನ ಕೆಲಸ. ಕೈ ಸೋತ ದಿನ ಒಂದು ಮಾತು ಜಾರುತ್ತೆ. ಆದರೆ ಅವಳ ಕಿವಿ ಮುಚ್ಚೋಕೆ ದೊರೆಗಳಿಂದಲೂ ಆಗಲಿಲ್ಲವಲ್ಲ!"

ದೊರೆ ಹೊಟ್ಟೆ ಹಿಡಿದು ನಕ್ಕ. ಆ ಪೇಟವನ್ನು ತಾನೇ ಎತ್ತಿ ಓಬಳನ ತಲೆಗಿಟ್ಟ. ಕೆಲಸ ಉಳಿಯಿತು.

ಕುಡುಗೋಲು ಹರಿತ ಮಾಡಿಸಲು ಬಂದಿದ್ದ ಮಾಳವ್ವ ಎಲ್ಲ ಕೇಳಿಸಿಕೊಂಡು ಅಂದಳು: "ಅಲ್ಲಜ್ಜ, ಮೊನ್ನೆ ತೆಲುಗಿನ ಗಾಡಿಯವನು ದಾರಿ ಕೇಳಿದಾಗ, 'ಬಾರವ್ವಾ, ಇವನೇನೋ ಅಂತಾನೆ' ಅಂತ ನನ್ನ ಬಾಗಿಲಿಗೆ ಓಡಿಬಂದಿದ್ದು ಯಾರು?"

ಓಬಳಜ್ಜ ಹೆಗಲು ಕುಣಿಸಿದ.

"ಅರಮನೆ ತೆಲುಗೇ ಬೇರೆ ಕಣವ್ವ. ಅದರಲ್ಲಿ ಗಾಡಿ ಇರಲಿಲ್ಲ, ಬರೀ ಪಲ್ಲಕ್ಕಿ."