ಹೊಸ ಕಾರ್ಡು ಮತ್ತು ಹಳೆಯ ಪ್ರೊಸೆಸರ್

ಮೃದುಲಾ ತನ್ನ ಹಳೆಯ ಗೇಮಿಂಗ್ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿದಳು. ಆದರೂ ಆಟ ತಡವರಿಸಿತು. ಪ್ರೊಸೆಸರನ್ನೂ ಬದಲಿಸಿಬಿಡೋಣವೆಂದು ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ತೆಗೆದಿಟ್ಟಳು.

ಕಾರ್ಡು ಪ್ರೊಸೆಸರನ್ನು ಗದರಿತು: "ಅಜ್ಜಾ, ನೀನು ಲೆಕ್ಕ ಮಾಡಿ ಕೊಡುವವರೆಗೆ ನಾನು ಚಿತ್ರ ಬರೆಯಲಾರೆ. ಎಷ್ಟು ಹೊತ್ತು ಕೈಕಟ್ಟಿ ಕೂರಲಿ?"

"ಎಂಟು ವರ್ಷ ದುಡಿದಿದ್ದೇನೆ. ಇದಕ್ಕಿಂತ ವೇಗ ನನ್ನಲ್ಲಿಲ್ಲ."

"ಹಾಗಾದರೆ ಜಾಗ ಬಿಡು. ಹೊಸಬ ಬರಲಿ."

ಪ್ರೊಸೆಸರ್ ತನ್ನ ಲೆಕ್ಕಕ್ಕೆ ಮರಳಿತು.

ಬಿಚ್ಚುವ ಮುನ್ನ ಮೃದುಲಾ ಕೊನೆಯದೊಂದು ಪರೀಕ್ಷೆ ಮಾಡಿದಳು. ಚಿತ್ರದ ಸ್ಪಷ್ಟತೆಯನ್ನು ಗರಿಷ್ಠ ಮಟ್ಟಕ್ಕೆ ಏರಿಸಿದಳು. ಆಟದ ಕಾಡಿನ ಒಂದೊಂದು ಎಲೆಯನ್ನೂ ಅದರ ನೆರಳನ್ನೂ ಬರೆಯಬೇಕಾಗಿ ಬಂದು ಕಾರ್ಡಿಗೆ ಏದುಸಿರು ಹತ್ತಿತು. ಈಗ ಪ್ರೊಸೆಸರ್ ತನ್ನ ಲೆಕ್ಕ ಮುಗಿಸಿ ಸುಮ್ಮನೆ ಕುಳಿತಿತ್ತು.

"ಅಜ್ಜಾ, ನನಗಾಗಿ ಕಾಯುತ್ತಿದ್ದೀರಾ?" ಕಾರ್ಡು ತಗ್ಗಿದ ದನಿಯಲ್ಲಿ ಕೇಳಿತು.

"ಅವಸರವೇನಿಲ್ಲ, ಸಾವಕಾಶವಾಗಿ ಬರೆಯಪ್ಪಾ. ಇನ್ನೊಬ್ಬರನ್ನು ಕಾಯಿಸಬೇಕಾದವರ ಸಂಕಟ ನಾನು ಬಲ್ಲೆ."

ಇಬ್ಬರ ವೇಗವೂ ಒಂದಕ್ಕೊಂದು ಹೊಂದಿಕೊಂಡು, ಪರದೆಯ ಮೇಲೆ ಕಾಡು ಎಲ್ಲಿಯೂ ತಡವರಿಸದೆ ತೆರೆದುಕೊಂಡಿತು. ಮೃದುಲಾ ಸ್ಕ್ರೂಡ್ರೈವರನ್ನು ಡ್ರಾಯರಿನಲ್ಲಿಟ್ಟು ಆಟಕ್ಕೆ ಕುಳಿತಳು.