ಕಪ್ಪು ಚಕ್ರದ ಪುಡಿ

"ಬುದ್ಧಿ, ಒಮ್ಮೆ ತೊಳೆದ ಮನಸ್ಸು ತೊಳೆದ ಹಾಗೆಯೇ ಉಳಿಯುವುದು ಯಾವಾಗ?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಮಠದ ಹಿರಿಯ ಸ್ವಾಮಿಗಳು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಅವರ ಆರೈಕೆ ಈ ಶಿಷ್ಯನ ಪಾಲಿಗೆ ಬಂದಿತ್ತು. ಉಣ್ಣಿಸಿದ್ದನ್ನು ಅವರು ಉಗಿಯುತ್ತಿದ್ದರು. ಒರೆಸಲು ಹೋದ ಕೈಯನ್ನು ಪರಚುತ್ತಿದ್ದರು. ಬಾಯಿಗೆ ಬಂದಂತೆ ಬೈಯುತ್ತಿದ್ದರು. ಶಿಷ್ಯ ಹಲ್ಲು ಕಚ್ಚಿ ಸಹಿಸುತ್ತಿದ್ದ.

"ಬೆಳಿಗ್ಗೆ ಧ್ಯಾನ ಮಾಡಿ ಮನಸ್ಸು ತಿಳಿಯಾಗಿಸಿಕೊಂಡು ಹೋಗುತ್ತೇನೆ. ಸಂಜೆ ನೋಡಿದರೆ ಬರೀ ಮಸಿ. ಇವರು ಬೇಗ ಹೋಗಬಾರದೇ ಅಂತಲೂ ಅನ್ನಿಸಿಬಿಡುತ್ತದೆ. ಸಾಕಾಗಿದೆ ಬುದ್ಧಿ. ನನ್ನನ್ನು ಈ ಸೇವೆಯಿಂದ ಬಿಡಿಸಿ."

ಗುರುಗಳಿಗೂ ಆವತ್ತು ದಣಿವಾಗಿತ್ತು. ಕಂಬಕ್ಕೆ ಒರಗಿ ಕೂತು, "ಬಿಡಿಸೋಣ. ನಿನ್ನ ಜಾಗಕ್ಕೆ ಯಾರೂ ಸಾಲುಗಟ್ಟಿ ನಿಂತಿಲ್ಲ, ಆದರೂ ಬಿಡಿಸೋಣ. ಮೊದಲು ಇದೊಂದು ಕೇಳು," ಎಂದು ಹೇಳತೊಡಗಿದರು.

ಒಬ್ಬ ವ್ಯಾಪಾರಿಯಿದ್ದ. ಅವನ ಮನೆ ಘಟ್ಟದ ಮೇಲೆ, ಅಂಗಡಿ ಘಟ್ಟದ ಕೆಳಗೆ. ಅವನು ಹೊಸ ಕಾರು ಕೊಂಡ. ಟೈರಿನ ನಡುವಿನ ಲೋಹದ ಚಕ್ರಗಳೂ ಅಚ್ಚ ಕಪ್ಪು. ಕಾರಿಗಿಂತ ಆ ಚಕ್ರಗಳ ಮೇಲೇ ಅವನಿಗೆ ವ್ಯಾಮೋಹ. ಅದು ಅವನ ದುಡ್ಡು, ಅವನ ಖುಷಿ. ತೊಳೆಯುವ ಕೆಲಸ ಮಾತ್ರ ಚಾಲಕನದು.

ದಿನವೂ ಘಟ್ಟ ಇಳಿಯುವಷ್ಟರಲ್ಲಿ ಚಕ್ರಗಳ ಮೇಲೆ, ಮುಟ್ಟಿದರೆ ಮಸಿಯಂತೆ ಹತ್ತುವ ಕಂದು ಪುಡಿ ಕೂರುತ್ತಿತ್ತು. ಬೇರೆ ಬಣ್ಣದ ಮೇಲಾದರೆ ಅಷ್ಟು ಕಾಣುತ್ತಿರಲಿಲ್ಲ. ಬಿಸಿ ಚಕ್ರಕ್ಕೆ ನೀರು ಹಾಕಿದರೆ ಕಲೆ ಉಳಿಯುತ್ತದೆಂದು ಚಾಲಕ ಅದು ಆರುವವರೆಗೆ ಕಾಯುತ್ತಿದ್ದ. ಆಮೇಲೆ ಸೋಪಿನ ನೀರು, ಬ್ರಷ್ಷು, ಒಣ ಬಟ್ಟೆ. ಕಡ್ಡಿಗಳ ಸಂದಿಗೆಲ್ಲ ಬೆರಳು ತೂರಿಸಿ ಒರೆಸುತ್ತಿದ್ದ. ಒಮ್ಮೆ ಬೇಸತ್ತು ಯಾವುದೋ ಕಟುವಾದ ದ್ರಾವಣ ಹಚ್ಚಿದ. ಪುಡಿಯ ಜೊತೆ ಹೊಳಪೂ ಹೋಯಿತು. ಆವತ್ತು ಬೈಗುಳ ಹೊಟ್ಟೆತುಂಬ ಸಿಕ್ಕಿತು.

ವ್ಯಾಪಾರಿ ಪ್ರತಿ ಸಂಜೆ ಚಕ್ರದ ಮೇಲೆ ಬೆರಳಾಡಿಸಿ ನೋಡುತ್ತಿದ್ದ. ಕಡೆಗೊಂದು ದಿನ, "ಇನ್ನೊಂದ್ಸಲ ನನ್ನ ಬೆರಳಿಗೆ ಮಸಿ ಹತ್ತಿದ್ರೆ ನೀನು ಬೇರೆ ಕಡೆ ಕೆಲ್ಸ ನೋಡ್ಕೊಳ್ಳಯ್ಯ," ಎಂದುಬಿಟ್ಟ.

ಚಾಲಕನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅವನು ಗ್ಯಾರೇಜಿನವನ ಬಳಿ ಹೋಗಿ ಗೋಳು ತೋಡಿಕೊಂಡ. ಗ್ಯಾರೇಜಿನವನು, "ಅದು ರಸ್ತೆ ಧೂಳಲ್ಲಣ್ಣ. ಬ್ರೇಕು ಸವೆದು ಉದುರೋ ಪುಡಿ," ಎಂದ.

ಚಾಲಕ ಆ ಮಾತನ್ನೇ ಹಿಡಿದುಕೊಂಡ. ಬ್ರೇಕು ಒತ್ತದಿದ್ದರೆ ಪುಡಿಯೇ ಇಲ್ಲವಲ್ಲ! ದಣಿದವನಿಗೆ ಇಂಥ ಉಪಾಯಗಳು ಬೇಗ ಹೊಳೆಯುತ್ತವೆ. ಮರುದಿನದಿಂದ ಅವನು ಬ್ರೇಕಿನ ಬದಲು ಹಾರ್ನು ಒತ್ತತೊಡಗಿದ.

ಹಾಗೆ ಇಳಿಯುತ್ತಿದ್ದಾಗ ಒಂದು ತಿರುವಿನಲ್ಲಿ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು. ಅವನು ಹಾರ್ನು ಒತ್ತಿದ. ಕಾಲು ಬ್ರೇಕಿಗೆ ಹೋಗಲಿಲ್ಲ. ಹೆಂಗಸು ಹೊರೆಸಮೇತ ಪಕ್ಕದ ಹಳ್ಳಕ್ಕೆ ಹಾರಿದಳು. ಹಿಂದೆ ಕೂತ ವ್ಯಾಪಾರಿ ಫೋನಿನಲ್ಲಿ ಮಾತಾಡುತ್ತಿದ್ದ, ಅವನಿಗೆ ತಿಳಿಯಲಿಲ್ಲ. ಕಾರು ಮುಂದೆ ಹೋಯಿತು.

ಸಂಜೆ ವ್ಯಾಪಾರಿ ಬೆರಳಾಡಿಸಿ ನೋಡಿದ. ಬೆರಳು ಶುಭ್ರವಾಗಿತ್ತು. "ನೋಡು, ಮನಸ್ಸು ಮಾಡಿದ್ರೆ ಆಗತ್ತೆ," ಎಂದು ಬೆನ್ನು ತಟ್ಟಿದ. ಚಾಲಕನಿಗೆ ಆ ಕೆಲಸದಲ್ಲಿ ಸಿಕ್ಕ ಮೊದಲ ಹೊಗಳಿಕೆ ಅದು. ಆವತ್ತು ಅವನಿಗೆ ಊಟ ಸೇರಲಿಲ್ಲ.

ಮರುದಿನ ಅದೇ ತಿರುವಿನಲ್ಲಿ ಕಾರು ನಿಲ್ಲಿಸಿ ಇಳಿದ. ಹುಲ್ಲಿನ ಹೊರೆ ಹಳ್ಳದಲ್ಲೇ ಬಿದ್ದಿತ್ತು. ಹೆಂಗಸು ಇರಲಿಲ್ಲ. ಅಕ್ಕಪಕ್ಕ ಕೇಳೋಣವೆಂದರೆ ಮನೆಗಳೂ ಇರಲಿಲ್ಲ. ಅಲ್ಲಿಂದ ಮುಂದೆ ಅವನು ಪ್ರತಿ ತಿರುವಿನಲ್ಲೂ ಬ್ರೇಕು ಒತ್ತುತ್ತಲೇ ಇಳಿದ.

ಸಂಜೆ ವ್ಯಾಪಾರಿಯ ಬೆರಳಿಗೆ ಮತ್ತೆ ಮಸಿ ಹತ್ತಿತು. ಅವನು ಬಾಯಿ ತೆರೆಯುವ ಮೊದಲೇ ಚಾಲಕ, "ಸಾಹುಕಾರ್ರೇ, ನಾಳೆನೂ ಇಷ್ಟೇ ಬೀಳತ್ತೆ. ನಾಳೆನೂ ತೊಳೀತೀನಿ. ಬೇಡ ಅಂದ್ರೆ ಕೀಲಿ ತಗೊಳ್ಳಿ," ಎಂದು ಕೀಲಿ ಚಾಚಿದ.

ಗುರುಗಳು ಕಥೆಯನ್ನು ಅಲ್ಲಿಗೆ ಮುಗಿಸಿದರು.

"ಆ ಹೆಂಗಸು ಏನಾದಳು ಬುದ್ಧಿ?" ಎಂದು ಶಿಷ್ಯ ಕೇಳಿದ.

"ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಕೆಲಸ ಉಳಿಯಿತೋ ಹೋಯಿತೋ ಅಂತ ನೀನು ಕೇಳಲಿಲ್ಲ, ಒಳ್ಳೆಯದಾಯಿತು."

ಶಿಷ್ಯ ತಲೆ ತಗ್ಗಿಸಿದ. ಪರಚಿಸಿಕೊಂಡ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದ. "ಆದರೂ ಬುದ್ಧಿ, ನನ್ನೊಳಗೆ ಇಷ್ಟೊಂದು ಮಸಿ ಎಲ್ಲಿಂದ ಬರುತ್ತದೆ?"

"ಈ ಒಂದು ವರ್ಷದಲ್ಲಿ ಅವರ ಮೇಲೆ ಒಮ್ಮೆಯಾದರೂ ಕೈ ಮಾಡಿದ್ದೀಯಾ?"

"ಇಲ್ಲ ಬುದ್ಧಿ. ಎಷ್ಟೋ ಸಲ ಕೈ ಎತ್ತಬೇಕು ಅನ್ನಿಸಿದೆ. ಎತ್ತಿಲ್ಲ."

ಒಳಗಿನಿಂದ ಹಿರಿಯ ಸ್ವಾಮಿಗಳು ಯಾರನ್ನೋ ಬೈಯುತ್ತಾ ಕೂಗಿದರು. ಗುರುಗಳು ಕಂಬ ಹಿಡಿದು ಮೆಲ್ಲಗೆ ಎದ್ದರು.

"ನೀನು ಕೈ ತಡೆದಾಗೆಲ್ಲ ಉದುರಿದ ಪುಡಿ ಕಣಯ್ಯ ಆ ಮಸಿ, ತೊಳೆದುಕೊಂಡು ಒಳಗೆ ಹೋಗು."