ಅಳತೆಯ ಹುರಿ

ಶಿಷ್ಯ ಕೊಟ್ರೇಶ ಓಡಿ ಬಂದ. ಕೈಯಲ್ಲಿ ಹುರಿ. ಮೈಯೆಲ್ಲ ಮಣ್ಣು.

"ಬುದ್ಧಿ, ಎಲ್ಲಾ ತಯಾರಾಗೈತೆ."

ಗುರುಗಳು ಹೊಳೆಯ ದಂಡೆಯಲ್ಲಿ ಬಟ್ಟೆ ಹಿಂಡುತ್ತಿದ್ದರು. "ಏನು?"

"ದುರುಗಪ್ಪಜ್ಜನ ಗುಂಡಿ. ವಿಭೂತಿ, ಪತ್ರೆ, ಹೊಸ ಬಟ್ಟೆ. ಒಂದೂ ಬಿಟ್ಟಿಲ್ಲ."

ದುರುಗಪ್ಪ ನಲವತ್ತು ವರ್ಷ ಈ ಹೊಳೆಯಲ್ಲಿ ಹರಿಗೋಲು ನಡೆಸಿದವನು. ಕಾಲು ಬಾತು, ಉಸಿರು ಕಟ್ಟಿ, ಆಶ್ರಮದ ಹಿಂದಿನ ಕೋಣೆ ಸೇರಿ ತಿಂಗಳಾಗಿತ್ತು. ಅವನ ಆರೈಕೆ ಕೊಟ್ರೇಶನದು.

"ಅಜ್ಜ ಹೋದ್ನಾ?"

"ಇಲ್ಲ. ನಾಡಿ ನೋಡಿದ ಪಂಡಿತರು ನಾಕು ದಿನ ಅಂದ್ರು."

"ಗುಂಡಿಗೆ ಅಳತೆ?"

"ಮಲಗಿದ್ದಾಗ ಹುರಿ ಹಿಡಿದೆ."

"ನಿದ್ದೆ ಬಂದಿತ್ತಾ?"

ಕೊಟ್ರೇಶ ತಲೆ ಕೆರೆದುಕೊಂಡ. "ಕಣ್ಣು ಮುಚ್ಚಿತ್ತು. ಆಮೇಲೆ ಅಂದ, ಒಂದು ಗೇಣು ಜಾಸ್ತಿ ತಗೋ, ನಾನು ಕಾಲು ಚಾಚ್ತೀನಿ."

ಗುರುಗಳು ನಗಲಿಲ್ಲ.

"ಬೇರೆ ಏನಂತಾನೆ?"

"ದಿನಾ ಒಂದೇ. ಹೊಳೆ ಎಷ್ಟು ಏರೈತೆ? ಆನೆಬಂಡೆ ಮುಳುಗ್ತಾ? ಒಂದ್ಸಲ ಹೊಳೆಗೆ ಕರ್ಕೊಂಡು ಹೋಗು."

"ನೀನು?"

"ಇನ್ಯಾಕಜ್ಜ ಹೊಳೆ, ಶಿವನ್ನ ನೆನಿ ಅಂದೆ. ಮೂರು ದಿನ ಆತು, ಅಜ್ಜ ತುತ್ತು ಮುಟ್ಟಿಲ್ಲ."

ಗುರುಗಳು ಎದ್ದರು.

ಇಬ್ಬರೂ ದುರುಗಪ್ಪನನ್ನು ಕಂಬಳಿಯಲ್ಲಿ ಹೊತ್ತು ತಂದು ಹರಿಗೋಲಿನಲ್ಲಿ ಒರಗಿಸಿದರು. ಗುರುಗಳು ಒಂದು ಗಂಟು ಹಿಡಿದು ತಾವೂ ಹತ್ತಿ, ಹುಟ್ಟನ್ನು ಕೊಟ್ರೇಶನ ಕೈಗಿತ್ತರು.

"ಬುದ್ಧಿ, ನನಗೆ ಬರಲ್ಲ."

"ನನಗೂ ಬರಲ್ಲ."

ಹರಿಗೋಲು ಸೆಳವಿಗೆ ಸಿಕ್ಕಿತು. ಗರಗರ ತಿರುಗಿತು. ನಡುನೀರಿನಲ್ಲಿ ಆನೆಬಂಡೆಯ ಬೆನ್ನು ಕಂಡಿತು.

ದುರುಗಪ್ಪ ಕಣ್ಣು ಬಿಟ್ಟ.

"ಲೇ, ಮಜ್ಜಿಗೆ ಕಡಿತಿದ್ದೀಯಾ? ಮುಂದಕ್ಕೆ ಹಾಕು. ಎದೆ ಕಡೆ ಎಳಿ."

"ಬಂಡೆ ಐತಜ್ಜ."

"ಗೊತ್ತು. ನೀನು ಹುಟ್ಟೋಕೆ ಮುಂಚಿಂದ ಅಲ್ಲೇ ಐತೆ."

"ಹತ್ರ ಬಂತು."

"ಬರ್ಲಿ. ಈಗ್ಲೇ ಬೇಡ. ತಡಿ. ತಡಿಯಲೇ. ಈಗ ಎಡಕ್ಕೆ. ಎಳಿ, ಎಳಿ, ಇನ್ನೊಂದು."

ಬಂಡೆ ಒಂದು ಮೊಳ ದೂರದಲ್ಲಿ ಹಿಂದೆ ಸರಿಯಿತು.

ಹರಿಗೋಲು ಆಚೆ ದಂಡೆಗೆ ತಗುಲಿತು. ಕೊಟ್ರೇಶ ಹುಟ್ಟು ಕೆಳಗಿಟ್ಟ. ಅವನು ನಗುತ್ತಿದ್ದ. ದುರುಗಪ್ಪನೂ ನಕ್ಕ, ಕೆಮ್ಮಿದ, ಮತ್ತೆ ನಕ್ಕ.

"ಇಂಥ ದಡ್ಡನ್ನ ಎಲ್ಲಿ ಹಿಡಿದ್ರಿ, ಬುದ್ಧಿ? ಬುತ್ತಿ ಐತಾ?"

ಗುರುಗಳು ಗಂಟು ಬಿಚ್ಚಿದರು. ದುರುಗಪ್ಪ ಅರ್ಧ ರೊಟ್ಟಿ ತಿಂದ.

"ಬುದ್ಧಿ, ಅಜ್ಜ ಉಳ್ಕೊಂಡ," ಅಂದ ಕೊಟ್ರೇಶ.

"ಇಲ್ಲ. ನಾಕು ದಿನ."

"ಮೂರು," ಅಂದ ದುರುಗಪ್ಪ, ಈರುಳ್ಳಿ ಕಚ್ಚುತ್ತ.

ಕೊಟ್ರೇಶನ ನಗು ನಿಂತಿತು. ಸೊಂಟಕ್ಕೆ ಸಿಕ್ಕಿಸಿದ್ದ ಹುರಿಯನ್ನು ಮುಟ್ಟಿಕೊಂಡ.

"ಹಂಗಾದ್ರೆ ಆ ಗುಂಡಿ, ಬುದ್ಧಿ?"

"ಅದು ಕಾಯ್ತೈತೆ. ವಾಪಸ್ ಹೋಗೋ ದಾರಿ ಅಜ್ಜನ್ನ ಕೇಳು."